ಬಾಂಡ್ ವಿಚಾರಣೆಗೆ ನಾವು ಹಿಡಿದ ವಕೀಲರ ಕಚೇರಿ: ಐದರಲ್ಲಿ ನಾಲ್ಕು ಅಂಕ

ನ್ಯೂಜೆರ್ಸಿಯಲ್ಲಿ ಓದುತ್ತಿದ್ದ ನನ್ನ ಅಕ್ಕನ ಮಗ, ಕಾಲೇಜಿನ ನೋಂದಣಿ ತಪ್ಪಿ ವಿದ್ಯಾರ್ಥಿ ವೀಸಾದ ಅರ್ಹತೆ ಕಳೆದುಕೊಂಡು ವಲಸೆ ಇಲಾಖೆಯ ಬಂಧನಕ್ಕೆ ಒಳಗಾದಾಗ, ಪರಿಚಯದವರೊಬ್ಬರ ಮೂಲಕ ಈ ಕಚೇರಿಗೆ ಹೋದೆವು.

ವಕೀಲರು ಮೊದಲು ಕೇಳಿದ್ದು ಹುಡುಗ ಅಮೆರಿಕದೊಳಗೆ ಬಂದದ್ದು ಹೇಗೆ ಎಂದು. ತಪಾಸಣೆಯಿಲ್ಲದೆ ಗಡಿ ದಾಟಿದವರಿಗೆ ಬಾಂಡ್ (ಹಣ ಕಟ್ಟಿಸಿಕೊಂಡು ಬಂಧನದಿಂದ ಬಿಡುವ ಜಾಮೀನು) ನೀಡುವ ಅಧಿಕಾರ ವಲಸೆ ನ್ಯಾಯಾಧೀಶರಿಗಿಲ್ಲವೆಂದು ವಲಸೆ ಮೇಲ್ಮನವಿ ಮಂಡಳಿ 2025ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತಿತ್ತು; ನಮ್ಮವನು ವೀಸಾ ಪಡೆದು ಬಂದವನಾದ್ದರಿಂದ ಆ ತೊಡಕಿರಲಿಲ್ಲ. ಬಾಂಡ್ ಸಿಗದಿದ್ದರೆ ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ ಬಂಧನವನ್ನೇ ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿಯ ದಾರಿಯಿದೆ, ಅದರ ಶುಲ್ಕ ಬೇರೆ ಎಂದೂ ಅಂದೇ ತಿಳಿಸಿದರು.

ನಾಳೆಯೇ ವಿಚಾರಣೆ ಕೇಳಿ ಎಂದು ನಾನು ದುಂಬಾಲು ಬಿದ್ದರೂ ಅವರು ಒಪ್ಪಲಿಲ್ಲ. ಒಮ್ಮೆ ಬಾಂಡ್ ನಿರಾಕರಿಸಿದರೆ, ಪರಿಸ್ಥಿತಿ ಗಣನೀಯವಾಗಿ ಬದಲಾಗಿದೆಯೆಂದು ತೋರಿಸದ ಹೊರತು ಮತ್ತೊಮ್ಮೆ ಕೇಳಲಾಗದು. ಅವನಿಂದ ಸಮಾಜಕ್ಕೆ ಅಪಾಯವಿಲ್ಲ, ಬಿಟ್ಟರೆ ತಲೆಮರೆಸಿಕೊಳ್ಳುವುದಿಲ್ಲ ಎಂಬೆರಡನ್ನೂ ರುಜುವಾತುಪಡಿಸುವ ಹೊಣೆಯೂ ನಮ್ಮದೇ. ಹಾಗಾಗಿ ನನ್ನ ಗ್ರೀನ್ ಕಾರ್ಡ್, ಮನೆಯ ಬಾಡಿಗೆ ಕರಾರು, ತೆರಿಗೆ ಪತ್ರಗಳನ್ನೆಲ್ಲ ಸೇರಿಸಲು ಒಂದು ವಾರ ತೆಗೆದುಕೊಂಡರು. ಹಾಸನದಿಂದ ಅಕ್ಕ ಕನ್ನಡದಲ್ಲಿ ಬರೆದು ಕಳಿಸಿದ್ದ ಪತ್ರವನ್ನು ನಾನೇ ಇಂಗ್ಲಿಷಿಗೆ ಅನುವಾದಿಸಿ ಕೊಟ್ಟಿದ್ದೆ. ಅದನ್ನು ಹಿಂದಿರುಗಿಸಿ, ಎರಡೂ ಭಾಷೆ ಬಲ್ಲೆನೆಂದೂ ಅನುವಾದ ಸರಿಯಾಗಿದೆಯೆಂದೂ ದೃಢೀಕರಿಸುವ ಸಹಿ ಮಾಡಿದ ಒಕ್ಕಣೆಯನ್ನು ಕೊನೆಯಲ್ಲಿ ಸೇರಿಸಿಸಿದರು. ನನಗೆ ಅಂದು ಅದು ಅತಿಯೆನಿಸಿತ್ತು. ವಿಚಾರಣೆಯಲ್ಲಿ ನ್ಯಾಯಾಧೀಶರು ಆ ಪತ್ರವನ್ನೇ ಕೈಗೆತ್ತಿಕೊಂಡಾಗ ಸುಮ್ಮನಾದೆ.

ಬಾಂಡಿಗೆ ಕಾನೂನಿನ ಕನಿಷ್ಠ ಮೊತ್ತ 1,500 ಡಾಲರ್. ನ್ಯಾಯಾಧೀಶರು ನಮಗೆ ಹೇಳಿದ್ದು 7,500. ಶೇಕಡಾ ಹತ್ತರಷ್ಟು ಕಟ್ಟಿದರೆ ಸಾಕೆಂದು ಯಾರೋ ಹೇಳಿದ್ದನ್ನು ನಂಬಿದ್ದೆ, ಅದು ಕ್ರಿಮಿನಲ್ ಪ್ರಕರಣಗಳ ಮಾತು. ಇಲ್ಲಿ ಪೂರ್ಣ ಮೊತ್ತವನ್ನೇ ಇಲಾಖೆಗೆ ಕಟ್ಟಬೇಕಾಯಿತು. ಎಲ್ಲ ವಿಚಾರಣೆಗಳಿಗೂ ಅವನು ತಪ್ಪದೆ ಹಾಜರಾದರೆ ಪ್ರಕರಣ ಮುಗಿದ ಮೇಲೆ ಆ ಹಣ ಕಟ್ಟಿದವನಿಗೇ ಮರಳುತ್ತದೆ.

ಒಂದು ಅಂಕ ಕಳೆದದ್ದು ಕರಾರಿನ ವಿಷಯಕ್ಕೆ. ಅವರು ಬಾಂಡಿಗಷ್ಟೇ ವಕಾಲತ್ತು ಹಾಕಿದ್ದರು, ಗಡೀಪಾರಿನ ಮೂಲ ಪ್ರಕರಣ ಅದರಲ್ಲಿರಲಿಲ್ಲ. ಇದು ನಮಗೆ ಗೊತ್ತಾದದ್ದು ಹುಡುಗ ಮನೆಗೆ ಬಂದ ಮೇಲೆ. ಹಾಗಾಗಿ ಹೊಸ ವಿಳಾಸವನ್ನು 5 ದಿನಗಳೊಳಗೆ ನ್ಯಾಯಾಲಯಕ್ಕೆ ತಿಳಿಸುವ ನಮೂನೆಯನ್ನು ನಾನೇ ಹುಡುಕಿ, ತುಂಬಿ, ನಾಲ್ಕನೆಯ ದಿನ ಅಂಚೆಗೆ ಹಾಕಿದೆ.