ಪ್ಯೂಜೋ ಪಿಎಕ್ಸ್-10 ಕೊಳ್ಳಲೋ, ರ‍್ಯಾಲಿ ಇಂಟರ್‌ನ್ಯಾಷನಲ್ ಕೊಳ್ಳಲೋ?

ಎರಡೂ ರೆನಾಲ್ಡ್ಸ್ 531 ಕೊಳವೆಯ ಹಗುರ ಉಕ್ಕಿನ ಹಳೇ ಸೈಕಲ್‌ಗಳು (ಅಜ್ಜನ ಕಾಲದ ಕರಿ ರ‍್ಯಾಲಿಯಲ್ಲ ಇದು). ತೂಕಕ್ಕಿಂತ ಥ್ರೆಡ್ (ಬಿಡಿಭಾಗ ತಿರುಗಿಸಿ ಕೂರಿಸುವ ತಿರುಪಿನ ಎಳೆ) ನೋಡಿ ಆರಿಸಿ.

ಪ್ಯೂಜೋದ್ದು ಫ್ರೆಂಚ್ ಅಳತೆ. ಬಾಟಮ್ ಬ್ರಾಕೆಟ್ (ಪೆಡಲ್‌ಗಳ ನಡುವಿನ ಅಚ್ಚು ತಿರುಗುವ ಜಾಗ) 35×1 ಮಿ.ಮೀ., ಎರಡೂ ಕಡೆ ಬಲಗೈ ಥ್ರೆಡ್, ಅಂದರೆ ಬಲಕ್ಕೆ ತಿರುಗಿಸಿದರೆ ಬಿಗಿಯಾಗುವಂಥದ್ದು. ಹೀಗಾಗಿ ತುಳಿಯುತ್ತ ಹೋದಂತೆ ಚೈನ್ ಕಡೆಯ ಕಪ್ (ಬೇರಿಂಗ್ ಹಿಡಿದಿಡುವ ಬಿಲ್ಲೆ) ಸಡಿಲಾಗಬಹುದು. ಹ್ಯಾಂಡಲ್ ಸ್ಟೆಮ್ (ಫೋರ್ಕ್ ಕೊಳವೆಯೊಳಗೆ ಇಳಿಯುವ ದಂಡ) 22 ಮಿ.ಮೀ. ಅಂಗಡಿಯ 22.2ರದ್ದನ್ನು ಬಡಿದು ಕೂರಿಸಿದರೆ ಫೋರ್ಕ್ ಕೊಳವೆ ಕೆಡುತ್ತದೆ. ಎಮೆರಿ ಕಾಗದದಲ್ಲಿ ಸವೆಸಿಯೇ ಹಾಕಬೇಕು. ಸಿಂಪ್ಲೆಕ್ಸ್ ಗೇರಿನ ಪ್ಲಾಸ್ಟಿಕ್ ಬಿರುಕು ಬಿಟ್ಟಿದೆಯೇ ಬೆಳಕಿಗೆ ಹಿಡಿದು ನೋಡಿ.

ರ‍್ಯಾಲಿಗೆ ಇಂಗ್ಲಿಷ್ ಥ್ರೆಡ್, ಹೊಸ ಕಾರ್ಟ್ರಿಡ್ಜ್ (ಬೇರಿಂಗ್ ಸಮೇತ ಬರುವ ಬಾಟಮ್ ಬ್ರಾಕೆಟ್) ಸಲೀಸಾಗಿ ಕೂರುತ್ತದೆ. ಆದರೆ ಇದರಲ್ಲಿರುವ ಇಟಲಿಯ ಕಂಪಾನ್ಯೋಲೋ ಕಂಪನಿಯ ಬಿಡಿಭಾಗಗಳ ಹೆಸರಿಗೇ ಬೆಲೆ ಏರುತ್ತದೆ.

ದಿನಾ ಓಡಿಸುವವರಿಗೆ ರ‍್ಯಾಲಿ ಸಲೀಸು. ಸ್ಪ್ಯಾನರ್ ಹಿಡಿಯುವ ಹುಚ್ಚಿದ್ದವರಿಗೆ ಪ್ಯೂಜೋ. ಯಾವುದಾದರೂ ಸೀಟ್‌ಪೋಸ್ಟ್ ತಿರುಗಿಸಿ ನೋಡಿಯೇ ದುಡ್ಡು ಎಣಿಸಿ. ಕಚ್ಚಿಕೊಂಡಿದ್ದರೆ ಬಿಡಿಸಲು ಫ್ರೇಮನ್ನೇ ಬಲಿ ಕೊಡಬೇಕಾದೀತು.