ಇಜೆನ್ ನೀಲಿ ಬೆಂಕಿ: ಖಾಸಗಿ ಗೈಡ್‌ಗೆ ಕೊಟ್ಟ ದುಡ್ಡು ಎಲ್ಲಿ ವಸೂಲಾಗುತ್ತದೆ?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಬಾಲಿಗೆ ಹೊರಟವರು ಪಕ್ಕದ ಜಾವಾ ದ್ವೀಪದ ಕಾವಾ ಇಜೆನ್ ಜ್ವಾಲಾಮುಖಿಯನ್ನೂ ಸೇರಿಸಿಕೊಳ್ಳುವುದುಂಟು. ನಡುರಾತ್ರಿ ಹತ್ತಿ, ಕುಳಿಯೊಳಗೆ ಇಳಿದು ನೀಲಿ ಬೆಂಕಿ ನೋಡಿ, ಬೆಳಕು ಹರಿಯುವಾಗ ಮೇಲೆ ಬರುವ ಪ್ರವಾಸ. ಇದಕ್ಕೆ ಖಾಸಗಿ ಗೈಡ್ ಬೇಕಾ ಎಂದು ಕೇಳಿದರೆ, ಖಂಡಿತ ಬೇಕು. ಆದರೆ ಎಸಿ ಕಾರು, ಕಟ್ಟಿಕೊಡುವ ತಿಂಡಿ, ಫೋಟೊ ಇವನ್ನು ನೋಡಿ ಆರಿಸಬೇಡಿ. ಅವರು ಕೊಡುವ ಮಾಸ್ಕ್ ಹೇಗಿದೆ, ಗಾಳಿ ಕೆಟ್ಟರೆ ‘ಇವತ್ತು ಕೆಳಗೆ ಬೇಡ’ ಎಂದು ಹೇಳುತ್ತಾರಾ, ಇವೆರಡನ್ನೇ ವಿಚಾರಿಸಿ.

ಹತ್ತುವ ದಾರಿ ಅಂಥ ಕಷ್ಟದ್ದಲ್ಲ. ಕಾರಿಳಿದು ನಡೆಯಲು ಶುರುಮಾಡುವ ಪಾಲ್ಟುಡಿಂಗ್‌ನಿಂದ ಕುಳಿಯ ಅಂಚಿಗೆ ಸುಮಾರು 3 ಕಿ.ಮೀ., ಏರು 500 ಮೀಟರಿನಷ್ಟು. ಮೊದಲ ಎರಡು ಕಿಲೋಮೀಟರ್ ಕಡಿದು, ಆಮೇಲೆ ಸಲೀಸು. ಕೊಡಚಾದ್ರಿಯನ್ನು ಜೀಪಿಲ್ಲದೆ ನಡೆದೇ ಹತ್ತಿದವರಿಗೆ ಕಾಲು ಸೋಲುವುದಿಲ್ಲ. ಚಳಿ ಮಾತ್ರ ಬೇರೆ. ಕಾರಿಳಿಯುವ ಜಾಗವೇ ಸುಮಾರು 1,850 ಮೀಟರ್ ಎತ್ತರದಲ್ಲಿದೆ, ಅಂದರೆ ಮುಳ್ಳಯ್ಯನಗಿರಿಯ ತುದಿಗಿಂತ ಸ್ವಲ್ಪವೇ ತಗ್ಗು. ರಾತ್ರಿ 10 ಡಿಗ್ರಿಗಿಂತ ಕೆಳಗೂ ಇಳಿಯುತ್ತದೆ. ಸ್ವೆಟರ್ ಮೇಲೆ ಗಾಳಿ ತಡೆಯುವ ಜರ್ಕಿನ್, ಎರಡೂ ಕೈ ಖಾಲಿ ಇರಲು ಹಣೆಗೆ ಕಟ್ಟುವ ಟಾರ್ಚ್, ಒಳ್ಳೆ ಹಿಡಿತದ ಶೂ ಇರಲಿ.

ಅಪಾಯ ಶುರುವಾಗುವುದು ಅಂಚಿನಿಂದ ಕೆಳಕ್ಕೆ. ಮುಕ್ಕಾಲು ಗಂಟೆಯ ಇಳಿಜಾರು, ಸಡಿಲ ಕಲ್ಲು, ಕಿರಿದಾದ ದಾರಿ. ಅದೇ ದಾರಿಯಲ್ಲಿ ಗಂಧಕ ತೆಗೆಯುವ ಕೂಲಿಯವರು ಹೆಗಲ ಮೇಲೆ ಅಡ್ಡೆ ಇಟ್ಟು, ಎರಡು ಬುಟ್ಟಿಯಲ್ಲಿ 70ರಿಂದ 90 ಕೆಜಿ ಹೊತ್ತು ಮೇಲೆ ಬರುತ್ತಾರೆ. ಅವರು ಎದುರಾದಾಗ ಗುಡ್ಡದ ಕಡೆಗೆ ಒತ್ತಿ ನಿಂತು ದಾರಿ ಬಿಡಬೇಕು. ದಾರಿ ಮಧ್ಯೆ ಕೂತು ಸುಧಾರಿಸಿಕೊಳ್ಳುವ ಪ್ರವಾಸಿಗರನ್ನು ಎಬ್ಬಿಸದ ಗೈಡ್ ಒಳ್ಳೆಯ ಗೈಡ್ ಅಲ್ಲ. ಅಷ್ಟು ಭಾರ ಹೊತ್ತವರನ್ನು ನಮ್ಮ ಸೆಲ್ಫಿಗಾಗಿ ತಡೆಯುವುದು ತಪ್ಪು.

ನೀಲಿಯಾಗಿ ಉರಿಯುವುದು ಲಾವಾ ಅಲ್ಲ, ಗಂಧಕದ ಅನಿಲ. ಬಿರುಕುಗಳಿಂದ 600 ಡಿಗ್ರಿವರೆಗಿನ ಬಿಸಿಯಲ್ಲಿ ಹೊರಬಂದು ಗಾಳಿ ತಾಗಿದೊಡನೆ ಹೊತ್ತಿಕೊಳ್ಳುತ್ತದೆ. ಹಗಲಿನಲ್ಲೂ ಉರಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಪಕ್ಕದಲ್ಲೇ ಕೊಳವೆಗಳ ಬಾಯಿಂದ ಕರಗಿದ ಗಂಧಕ ಕಡುಗೆಂಪಾಗಿ ತೊಟ್ಟಿಕ್ಕುತ್ತಿರುತ್ತದೆ. ನೆಲಕ್ಕೆ ಬಿದ್ದು ಆರಿದ ಹಾಗೆ ಅರಿಶಿನದ ಬಣ್ಣಕ್ಕೆ ತಿರುಗುತ್ತದೆ. ಇದನ್ನು ಹತ್ತಿರದಿಂದ ನೋಡಲು ಎರಡು ನಿಮಿಷ ಕೇಳಿಕೊಳ್ಳಿ, ಬೆಂಕಿಯಷ್ಟೇ ಚೆಂದ.

ಇನ್ನು ಮಾಸ್ಕ್. ಎನ್95 ಧೂಳು ತಡೆಯುತ್ತದೆ, ಅನಿಲ ತಡೆಯುವುದಿಲ್ಲ. ಮೂಗು, ಬಾಯಿ ಪೂರ್ತಿ ಮುಚ್ಚುವ ರಬ್ಬರ್ ಮಾಸ್ಕ್ ಮತ್ತು ಆಮ್ಲೀಯ ಅನಿಲಕ್ಕೆ ಮಾಡಿದ ಫಿಲ್ಟರ್ ಬೇಕು. ಯುರೋಪಿನ ಬಣ್ಣದ ಗುರುತಿನಲ್ಲಿ ಸಲ್ಫರ್ ಡೈಆಕ್ಸೈಡ್‌ಗೆ ಹಳದಿ ಪಟ್ಟಿ, ಹೈಡ್ರೋಜನ್ ಸಲ್ಫೈಡ್‌ನಂಥವಕ್ಕೆ ಬೂದು ಪಟ್ಟಿ. ಕಂದು ಪಟ್ಟಿ ಒಂದೇ ಇದ್ದರೆ ಅದು ಪೇಂಟ್ ಹೊಡೆಯುವವರ ಫಿಲ್ಟರ್, ಇಲ್ಲಿ ನಂಬುವಂತಿಲ್ಲ. ಫಿಲ್ಟರ್ ಬಳಸುತ್ತಾ ಬಳಸುತ್ತಾ ತುಂಬಿಹೋಗುತ್ತದೆ. ಹಾಗಾಗಿ ಹತ್ತು ಜನ ಹಾಕಿ ಬಿಟ್ಟ ಬಾಡಿಗೆ ಮಾಸ್ಕಿನೊಳಗೆ ಘಾಟು ಬರುತ್ತದೆ. ಸೀಲ್ ಒಡೆಯದ ಹೊಸ ಫಿಲ್ಟರ್ ಕೊಡುತ್ತೀರಾ ಎಂದು ಬುಕ್ ಮಾಡುವಾಗಲೇ ಕೇಳಿ. ಪಾಲ್ಟುಡಿಂಗ್‌ನಲ್ಲೇ ಮಾಸ್ಕ್ ಹಾಕಿ, ಅಂಗೈಯಿಂದ ಫಿಲ್ಟರ್ ಮುಚ್ಚಿ ಉಸಿರೆಳೆಯಿರಿ. ಮಾಸ್ಕ್ ಮುಖಕ್ಕೆ ಕಚ್ಚಿಕೊಂಡರೆ ಸರಿ, ಪಕ್ಕದಿಂದ ಗಾಳಿ ನುಗ್ಗಿದರೆ ಪಟ್ಟಿ ಬಿಗಿ ಮಾಡಿ. ಗಡ್ಡ ಇದ್ದವರಿಗೆ ಅದು ಕೂರುವುದೇ ಇಲ್ಲ, ಹೊರಡುವ ದಿನ ಬೋಳಿಸಿಕೊಳ್ಳುವುದೇ ದಾರಿ. ಕೂಲಿಯವರು ಒದ್ದೆ ಬಟ್ಟೆ ಕಚ್ಚಿಕೊಂಡಿದ್ದನ್ನು ನೋಡಿ ಅಷ್ಟೇ ಸಾಕು ಎಂದುಕೊಳ್ಳಬೇಡಿ. ಉಬ್ಬಸ ಇದ್ದವರು, ಬಸುರಿಯರು ಅಂಚಿನಲ್ಲೇ ನಿಲ್ಲಲಿ.

ಗಾಳಿ ತಿರುಗಿದರೆ ಬಿಳಿ ಹೊಗೆ ಅರೆ ನಿಮಿಷದಲ್ಲಿ ದಾರಿ ಮುಚ್ಚಿಬಿಡುತ್ತದೆ. ಗಾಬರಿಯಿಂದ ಮೇಲಕ್ಕೆ ಓಡಿದರೆ ಏದುಸಿರಿಗೆ ಇನ್ನಷ್ಟು ಹೊಗೆ ಒಳಗೆ ಹೋಗುತ್ತದೆ. ಗೈಡ್ ತೋರಿಸಿದ ಕಡೆ ಅಡ್ಡಕ್ಕೆ ಸರಿಯಬೇಕು. ಹಿಂದೆ ಗಂಧಕ ಹೊತ್ತು ಬದುಕಿದ ಗೈಡ್‌ಗಳಿಗೆ ಈ ಗಾಳಿಯ ನಡೆ ಚೆನ್ನಾಗಿ ಗೊತ್ತು, ಅಂಥವರನ್ನೇ ಕೇಳಿ ಪಡೆಯಿರಿ. 2018ರ ಮಾರ್ಚ್‌ನಲ್ಲಿ ಅನಿಲ ಹೊರನುಗ್ಗಿ ಸುತ್ತಲಿನ ಹಳ್ಳಿಯವರೇ ಆಸ್ಪತ್ರೆ ಸೇರಿದ್ದರು. ಇಂಡೋನೇಷ್ಯಾದಲ್ಲಿ ಜ್ವಾಲಾಮುಖಿಗಳಿಗೆ ನಾಲ್ಕು ಹಂತದ ಎಚ್ಚರಿಕೆ ಇದೆ, ಒಂದಕ್ಕಿಂತ ಮೇಲಿದ್ದರೆ ಕುಳಿಗೆ ಇಳಿಯುವ ಆಸೆ ಬಿಡಿ. ಹಾಗೆ ವಾಪಸ್ ಕರೆತಂದರೆ ದುಡ್ಡಿನ ಗತಿ ಏನು ಎಂಬುದನ್ನು ಮೊದಲೇ ಬರೆಸಿಕೊಳ್ಳಿ. ದುಡ್ಡು ಕಳೆದುಕೊಳ್ಳುವ ಭಯ ಇರುವ ಗೈಡ್ ಇಳಿಸಿಯೇ ಇಳಿಸುತ್ತಾನೆ.

ಬುಕಿಂಗ್‌ನಲ್ಲಿ ಹೆಚ್ಚಾಗಿ ಮೋಸಹೋಗುವುದು ‘ಪ್ರೈವೇಟ್’ ಎಂಬ ಮಾತಿನಲ್ಲಿ. ಕಾರು ಪ್ರೈವೇಟ್, ಗೈಡ್ ಮಾತ್ರ ಅಲ್ಲಿ ಹದಿನೈದು ಜನಕ್ಕೆ ಒಬ್ಬ. ಗೈಡ್ ನಮ್ಮೊಬ್ಬರಿಗೇನಾ, ಕುಳಿಯೊಳಗೂ ಜೊತೆಗೆ ಬರುತ್ತಾರಾ ಎಂದು ಬಿಡಿಸಿ ಕೇಳಿ. ಪ್ರವೇಶಕ್ಕೆ ವೈದ್ಯರ ಪ್ರಮಾಣಪತ್ರ ಬೇಕು, ಅದನ್ನು ಅವರೇ ಮಾಡಿಸಿಕೊಡಬೇಕು. ದಕ್ಷಿಣ ಬಾಲಿಯಿಂದ ಒಂದೇ ರಾತ್ರಿಯಲ್ಲಿ ಹೋಗಿಬರುವ ಪ್ಯಾಕೇಜ್ ಬೇಡವೇ ಬೇಡ. ಮೂರು ನಾಲ್ಕು ಗಂಟೆ ರಸ್ತೆ, ಆಮೇಲೆ ಫೆರಿ, ನಿದ್ದೆಯಿಲ್ಲದ ಕಣ್ಣಲ್ಲಿ ಆ ಇಳಿಜಾರು. ಜಾವಾ ಕಡೆಯ ಊರಾದ ಬನ್ಯುವಾಂಗಿಯಲ್ಲಿ ಮಲಗಿ ಅಲ್ಲಿಂದ ಹೊರಡಿ. ಜಾವಾ ಗಡಿಯಾರ ಬಾಲಿಗಿಂತ ಒಂದು ಗಂಟೆ ಹಿಂದೆ, ಕಾರು ಬರುವ ಹೊತ್ತು ಯಾವ ಲೆಕ್ಕದ್ದು ಎಂದು ಖಚಿತ ಮಾಡಿಕೊಳ್ಳಿ. ಏಪ್ರಿಲ್‌ನಿಂದ ಅಕ್ಟೋಬರ್ ಒಣ ಕಾಲ, ಅಂದರೆ ನಮ್ಮಲ್ಲಿ ಜಡಿಮಳೆ ಹಿಡಿದಾಗ ಅಲ್ಲಿ ದಾರಿ ಒಣಗಿರುತ್ತದೆ.

ಬೆಳಗಾದ ಕೂಡಲೇ ಇಳಿದು ಓಡಬೇಡಿ. ಕತ್ತಲಲ್ಲಿ ಕಾಣದ ಕುಳಿಯೊಳಗಿನ ಕೆರೆ ಆಗ ಕಾಣುತ್ತದೆ, ಅಡಿಕೆಯ ಕೊಳೆರೋಗಕ್ಕೆ ಡ್ರಮ್ಮಿನಲ್ಲಿ ಕಲಸಿದ ಮೈಲುತುತ್ತ, ಸುಣ್ಣದ ನೀರಿನದೇ ಬಣ್ಣ. ಆದರೆ ಪಿಎಚ್ 0.5ಕ್ಕಿಂತ ಕಡಿಮೆ, ಅಂದರೆ ತುಂಬಾ ತೀಕ್ಷ್ಣವಾದ ಆಮ್ಲ, ಕೈ ಅದ್ದುವ ಮಾತೇ ಇಲ್ಲ. ಬೆಳ್ಳಿಯ ಕಾಲುಂಗುರ, ಗೆಜ್ಜೆ, ಉಡಿದಾರ ಹೋಟೆಲಿನಲ್ಲೇ ಬಿಚ್ಚಿಡಿ, ಈ ಅನಿಲಕ್ಕೆ ಕಪ್ಪಾಗುತ್ತವೆ. ಮರಳಿದ ಮೇಲೆ ಹಾಕಿದ ಬಟ್ಟೆಯನ್ನು ಬೇರೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಇಲ್ಲವಾದರೆ ಸೂಟ್‌ಕೇಸಿನಲ್ಲಿದ್ದ ಒಗೆದ ಬಟ್ಟೆಗೂ ಗಂಧಕದ ವಾಸನೆ ಹತ್ತಿಕೊಳ್ಳುತ್ತದೆ.