ನೀತಿ ಪಾಠ, ಶಾಲಾ ಸಂಸತ್ತು, ಮಕ್ಕಳ ನ್ಯಾಯಾಲಯ, ದುಂಡು ಸಭೆ: ನಾಲ್ಕನ್ನೂ ಮಾಡಿ ನೋಡಿದ ಮೇಲೆ

ಶಿಡ್ಲಘಟ್ಟ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಕನ್ನಡ ಮತ್ತು ಸಮಾಜ ವಿಜ್ಞಾನ ಕಲಿಸುತ್ತೇನೆ. ಮಕ್ಕಳು ತಮ್ಮ ಜಗಳಗಳನ್ನು ಹೊಡೆದಾಟವಿಲ್ಲದೆ ತಾವೇ ಬಗೆಹರಿಸಿಕೊಳ್ಳಬೇಕು, ತಮ್ಮ ವಿಷಯದಲ್ಲಿ ಹೆದರದೆ ಬಾಯಿ ಬಿಡಬೇಕು, ಪಕ್ಕದಲ್ಲಿ ಕೂತವರನ್ನು ತಮ್ಮಂತೆಯೇ ಮನುಷ್ಯರೆಂದು ಕಾಣಬೇಕು ಎಂಬುದು ನನ್ನ ಆಸೆ. ಅದಕ್ಕಾಗಿ ಆರು ವರ್ಷಗಳಲ್ಲಿ ನಾಲ್ಕು ದಾರಿ ಹಿಡಿದು ನೋಡಿದ್ದೇನೆ. ಯಾವುದು ಎಷ್ಟು ದೂರ ಕರೆದೊಯ್ದಿತು ಎಂಬುದನ್ನು, ಇದೇ ಕೆಲಸಕ್ಕೆ ಕೈ ಹಾಕಬೇಕೆಂದಿರುವ ಶಿಕ್ಷಕರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಹಿಡಿದದ್ದು ಎಲ್ಲರೂ ಹಿಡಿಯುವ ನೀತಿ ಪಾಠದ ದಾರಿ. ವಾರಕ್ಕೊಂದು ಅವಧಿ ಕಥೆ ಹೇಳುವುದು, ಕೊನೆಗೆ ‘ಇದರಿಂದ ಏನು ತಿಳಿಯಿತು?’ ಎಂದು ಕೇಳುವುದು. ತಯಾರಿ ಬೇಕಿಲ್ಲ, ಮಕ್ಕಳಿಗೂ ಕಥೆಯೆಂದರೆ ಪ್ರಾಣ. ‘ಎಲ್ಲರೂ ಸಮಾನರು ಮಿಸ್’ ಎಂದು ಇಡೀ ತರಗತಿ ಒಕ್ಕೊರಲಿನಿಂದ ಕೂಗಿದ ದಿನ ನನಗೆ ಬಹಳ ಖುಷಿಯಾಗಿತ್ತು. ಬಿಸಿಯೂಟದ ಗಂಟೆ ಹೊಡೆದು ಹತ್ತು ನಿಮಿಷವೂ ಆಗಿರಲಿಲ್ಲ, ಅದೇ ಮಕ್ಕಳು ವರಾಂಡದಲ್ಲಿ ತಟ್ಟೆ ಹಿಡಿದು ಎರಡು ಸಾಲಾಗಿ ಕೂತಿದ್ದರು. ಯಾವ ಸಾಲಿನಲ್ಲಿ ಯಾವ ಬೀದಿಯ ಮಕ್ಕಳಿದ್ದರು ಎಂದು ಊರು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್‌ನಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟ ಸೀಮೆ ಇದು. ಊಟದ ಎರಡು ಸಾಲನ್ನು ಸಣ್ಣ ವಿಷಯ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಕಥೆಗಿಂತ ಒಂದು ಪ್ರವಾಸ ಹೆಚ್ಚು ಕೆಲಸ ಮಾಡಿತು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದ ಸ್ಥಳ ಅದು. ಅಲ್ಲಿ ಏಳನೇ ತರಗತಿಯ ಹುಡುಗನೊಬ್ಬ ಕೇಳಿದ: ‘ಗುಂಡು ಹೊಡೆದ ಪೊಲೀಸರೂ ಈ ಕಡೆಯ ಊರುಗಳವರೇ ಇರಬೇಕಲ್ಲವೇ ಮಿಸ್? ಹೊಡಿ ಅಂದ ತಕ್ಷಣ ಹೊಡೆದುಬಿಟ್ಟರೇ?’ ವಾಪಸ್ ಬರುವಾಗ ಬಸ್ಸಿನಲ್ಲಿ ಅದೇ ಚರ್ಚೆ. ಹೇಳಿದ್ದನ್ನು ಕೇಳಬೇಕೆಂದು ನಾವೇ ದಿನವೂ ಕಲಿಸುತ್ತೇವೆ. ಕೇಳಬಾರದ ಆಜ್ಞೆಯೂ ಒಂದಿರುತ್ತದೆ ಎಂಬುದು ಆ ಹುಡುಗನಿಗೆ ಯಾವ ನೀತಿ ಪಾಠವೂ ಇಲ್ಲದೆ ಹೊಳೆದಿತ್ತು.

ಎರಡನೆಯದು ಶಾಲಾ ಸಂಸತ್ತು. ಇದು ಬಹುತೇಕ ಎಲ್ಲ ಶಾಲೆಗಳಲ್ಲೂ ಇದೆ: ನಾಮಪತ್ರ, ಪ್ರಚಾರ, ಬೆರಳಿಗೆ ಶಾಯಿ, ಮತಯಂತ್ರದ ಬದಲು ಮೊಬೈಲ್, ಎಣಿಕೆ, ಪ್ರಮಾಣ ವಚನ. ಚುನಾವಣೆಯ ಕ್ರಮ ಕಲಿಸಲು ಇದನ್ನು ಮೀರಿಸಿದ್ದು ಇಲ್ಲ. ಗುಟ್ಟಿನ ಮತ ಎಂದರೇನು ಎಂದು ಪುಸ್ತಕದಲ್ಲಿ ಓದಿ ಅರ್ಥವಾಗದ ಮಕ್ಕಳಿಗೆ ರಟ್ಟಿನ ಮರೆಯ ಹಿಂದೆ ಒಬ್ಬರೇ ನಿಂತಾಗ ಅರ್ಥವಾಗುತ್ತದೆ. ಕೂಲಿ ಮಾಡುವ ಮನೆಯ ಹುಡುಗಿಯೊಬ್ಬಳು ಮೂರು ಮತಗಳ ಅಂತರದಲ್ಲಿ ಗೆದ್ದಾಗ ಅವಳ ಮುಖ ನೋಡಬೇಕಿತ್ತು.

ಆದರೆ ಗೆದ್ದ ಮೇಲೆ ಏನು? ಆಹಾರ ಮಂತ್ರಿ ತಟ್ಟೆ ಎಣಿಸಿದ, ಸ್ವಚ್ಛತಾ ಮಂತ್ರಿ ಕಸ ಗುಡಿಸಿದಳು. ನಾವು ಮೊದಲೇ ತೀರ್ಮಾನಿಸಿದ್ದ ಕೆಲಸಗಳಿಗೆ ಮಂತ್ರಿಗಳೆಂಬ ಹೆಸರಿಟ್ಟೆವು, ಅಷ್ಟೇ. ಅದಕ್ಕೆ ಮತ್ತೊಂದು ವರ್ಷ ಆಟದ ಸಾಮಾನು ಯಾವುದು ಬೇಕೆಂಬ ತೀರ್ಮಾನವನ್ನು ಪೂರ್ತಿಯಾಗಿ ಅವರಿಗೇ ಬಿಟ್ಟೆ. ಎರಡು ದಿನ ಬಿಸಿಬಿಸಿ ವಾದ ನಡೆದು, ಕ್ರಿಕೆಟ್ ಬ್ಯಾಟಿನ ಜೊತೆಗೆ ಹೆಣ್ಣುಮಕ್ಕಳು ಹಟ ಹಿಡಿದು ಥ್ರೋಬಾಲ್ ಬಲೆಯನ್ನೂ ತರಿಸಿಕೊಂಡರು. ಆ ಎರಡು ದಿನ ಮಾತ್ರ ಸಂಸತ್ತಿಗೆ ಜೀವ ಬಂದಿತ್ತು.

ಮಕ್ಕಳ ಗ್ರಾಮ ಸಭೆಯನ್ನೂ ಇದರ ಜೊತೆಗೇ ಹೇಳಿಬಿಡುತ್ತೇನೆ. 2006ರ ಸರ್ಕಾರಿ ಸುತ್ತೋಲೆಯ ನಂತರ ನಮ್ಮ ರಾಜ್ಯದ ಪಂಚಾಯಿತಿಗಳು ವರ್ಷಕ್ಕೊಮ್ಮೆ ಇದನ್ನು ನಡೆಸಬೇಕು. ನಮ್ಮ ಮಕ್ಕಳು ಹೋಗಿ ಶಾಲೆಯ ಮುಂದಿನ ರಸ್ತೆಗೆ ಉಬ್ಬು ಬೇಕೆಂದು ಕೇಳಿದರು. ‘ನೋಡೋಣ’ ಎಂಬ ಉತ್ತರ, ಕೈಗೊಂದು ಬಿಸ್ಕತ್ ಪೊಟ್ಟಣ. ಮರುವರ್ಷ ಅವರು ಹಿಂದಿನ ವರ್ಷದ ಉತ್ತರಗಳನ್ನು ಬರೆದಿಟ್ಟುಕೊಂಡಿದ್ದ ನೋಟ್ ಪುಸ್ತಕದೊಂದಿಗೆ ಹೋದರು, ಉಬ್ಬು ಬಂತು. ಈಗ ಏಳನೇ ತರಗತಿಯವರು ಶಾಲೆ ಬಿಡುವಾಗ ಆ ಪುಸ್ತಕವನ್ನು ಆರನೆಯವರಿಗೆ ಒಪ್ಪಿಸಿ ಹೋಗುತ್ತಾರೆ.

ಮೂರನೆಯದು ಮಕ್ಕಳ ನ್ಯಾಯಾಲಯ. ಇಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಯಾನುಷ್ ಕೋರ್ಚಾಕ್ ಎಂಬ ವೈದ್ಯರು 1912ರಲ್ಲಿ ಪೋಲೆಂಡಿನ ವಾರ್ಸಾ ನಗರದಲ್ಲಿ ಶುರುವಾದ ಅನಾಥಾಲಯದಲ್ಲಿ ಮಕ್ಕಳೇ ನ್ಯಾಯಾಧೀಶರಾಗುವ ಪದ್ಧತಿ ನಡೆಸಿದರೆಂದು ಅಲ್ಲಿ ಇಲ್ಲಿ ಕೇಳಿ, ಐದು ಮಕ್ಕಳ ಪೀಠ ಮಾಡಿದೆ. ಮೊದಲನೇ ದೂರು: ಐದನೇ ತರಗತಿಯ ಹುಡುಗ ಇನ್ನೊಬ್ಬನ ಕೈವಾರ ತೆಗೆದುಕೊಂಡಿದ್ದ. ತೀರ್ಪು: ನೂರು ಬಸ್ಕಿ, ಒಂದು ವಾರ ಯಾರೂ ಅವನೊಂದಿಗೆ ಮಾತಾಡಬಾರದು. ನಾನು ದಂಗಾದೆ. ಬಹಿಷ್ಕಾರ ಎಂಬುದನ್ನು ಆ ಮಕ್ಕಳು ಎಲ್ಲಿಂದ ಕಲಿತರು? ಊರ ಕಟ್ಟೆಯಿಂದ, ಬಸ್ಕಿಯನ್ನು ನಮ್ಮಿಂದ. ನಾವು ಕೆಳಗಿಟ್ಟ ಕೋಲನ್ನು ಅವರ ಕೈಗೆ ಕೊಟ್ಟಂತಾಗಿತ್ತು. ತೀರ್ಪನ್ನು ತಡೆದೆ, ನ್ಯಾಯಾಲಯ ಮುಚ್ಚಿದೆ.

ಆಮೇಲೆ ಸರಿಯಾಗಿ ಓದಿದಾಗ ತಿಳಿಯಿತು: ಕೋರ್ಚಾಕರ ಮಕ್ಕಳ ಸಂಹಿತೆಯಲ್ಲಿ 99ರವರೆಗಿನ ಕಲಮುಗಳು ದೂರನ್ನು ಕೈಬಿಡುವಂಥವು ಅಥವಾ ಕ್ಷಮಿಸುವಂಥವು. ಕಠಿಣವಾದವು ಅವುಗಳ ನಂತರ ಬರುತ್ತವೆ. ದೊಡ್ಡವರ ಮೇಲೂ ದೂರು ಕೊಡಬಹುದಿತ್ತು. 1942ರ ಆಗಸ್ಟ್‌ನಲ್ಲಿ ನಾಜಿಗಳು ಆ ಮಕ್ಕಳನ್ನು ಟ್ರೆಬ್ಲಿಂಕಾ ಸಾವಿನ ಶಿಬಿರಕ್ಕೆ ಸಾಗಿಸಿದಾಗ ಅವರನ್ನು ಬಿಟ್ಟು ಬದುಕಲು ಒಪ್ಪದೆ ಜೊತೆಗೇ ಹೋದವರು ಆತ. ಅಂಥವರು ಕಟ್ಟಿದ ಪದ್ಧತಿಯ ತಿರುಳನ್ನೇ ಬಿಟ್ಟು ಪೀಠವನ್ನು ಮಾತ್ರ ತಂದಿದ್ದೆನಲ್ಲ ಎಂದು ಇಂದಿಗೂ ಸಂಕಟವಾಗುತ್ತದೆ. ಮತ್ತೆ ಶುರುಮಾಡುವಾಗ, ತಪ್ಪನ್ನು ಬಿಟ್ಟುಬಿಡಲು ಕಾರಣಗಳೇನಿರಬಹುದು ಎಂದು ಮೊದಲು ಮಕ್ಕಳಿಂದಲೇ ಬರೆಸಿದೆ. ‘ಗೊತ್ತಿಲ್ಲದೆ ಮಾಡಿದ’, ‘ತಾನಾಗಿ ಬಂದು ಹೇಳಿದ’, ‘ಹಸಿವಾಗಿತ್ತು’. ತೀರ್ಪುಗಳು ಮೆತ್ತಗಾದವು. ಆದರೂ ನ್ಯಾಯಾಲಯದಲ್ಲಿ ಒಬ್ಬರು ಗೆಲ್ಲುತ್ತಾರೆ, ಒಬ್ಬರು ಸೋಲುತ್ತಾರೆ, ಸೋತವರ ಮುನಿಸು ಸಂಜೆ ಮನೆ ದಾರಿಯಲ್ಲಿ ಹೊರಬೀಳುತ್ತದೆ. ಕಳವಿನಂಥ ದೂರುಗಳಿಗೆ ಮಾತ್ರ ಈಗ ಅದನ್ನು ಉಳಿಸಿಕೊಂಡಿದ್ದೇನೆ.

ನಾಲ್ಕನೆಯದು ದುಂಡು ಸಭೆ. ಶುಕ್ರವಾರದ ಕೊನೆಯ ಅವಧಿ, ನಲವತ್ತು ನಿಮಿಷ. ಎಲ್ಲರೂ ನೆಲದ ಮೇಲೆ ದುಂಡಗೆ ಕೂರಬೇಕು, ನಾನೂ ಸೇರಿ. ಚೀಟಿ ಡಬ್ಬಿಗೆ ಬಿದ್ದ ವಿಷಯಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇವೆ. ಕೈಯಲ್ಲಿ ಗೂಡು ಇದ್ದವರು ಮಾತಾಡಬೇಕು, ಉಳಿದವರು ಕೇಳಬೇಕು. ಅದು ರೇಷ್ಮೆಯ ಜೋಡಿ ಗೂಡು. ಎರಡು ಹುಳ ಸೇರಿ ಕಟ್ಟಿದ್ದರಿಂದ ಎಳೆ ಸಲೀಸಾಗಿ ಬಿಚ್ಚುವುದಿಲ್ಲ ಎಂದು ಬೇರೆ ತೆಗೆದಿಟ್ಟಿದ್ದನ್ನು, ನೂಲು ಬಿಚ್ಚಾಣಿಕೆ ಮಾಡುವ ಮನೆಯ ಹುಡುಗಿ ತಂದುಕೊಟ್ಟಳು. ಅಲ್ಲಾಡಿಸಿದರೆ ಒಳಗೆ ಒಣಗಿದ ಹುಳ ಗಲಗಲ ಎನ್ನುತ್ತದೆ. ಮಾತು ಹೊರಡದ ಮಕ್ಕಳು ಅದನ್ನು ಕಿವಿಯ ಹತ್ತಿರ ಹಿಡಿದು ಸ್ವಲ್ಪ ಹೊತ್ತು ಆಡಿಸುತ್ತಾರೆ, ಆಮೇಲೆ ಮಾತಾಡುತ್ತಾರೆ ಅಥವಾ ಪಕ್ಕದವರಿಗೆ ದಾಟಿಸುತ್ತಾರೆ. ಎರಡಕ್ಕೂ ಒಪ್ಪಿಗೆ ಇದೆ.

ದುಂಡಗೆ ಕೂರುವುದು ನಮ್ಮ ಮಕ್ಕಳಿಗೆ ಹೊಸದಲ್ಲ. ಮೂರನೇ ತರಗತಿಯವರೆಗೆ ನಲಿ-ಕಲಿ ಎಂಬ, ಆಡುತ್ತ ಕಲಿಯುವ ಪದ್ಧತಿಯಲ್ಲಿ ಹಾಗೆಯೇ ಕೂತು ಕಲಿತಿರುತ್ತಾರೆ. ಆ ಪದ್ಧತಿಗೆ ಮೂಲ ಪ್ರೇರಣೆ ನಮ್ಮ ಗಡಿಯಾಚೆ ಮದನಪಲ್ಲಿಯ ಬಳಿ ಇರುವ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳು. ಅದನ್ನು ಕಂಡುಬಂದ ಹೆಗ್ಗಡದೇವನಕೋಟೆಯ ಶಿಕ್ಷಕರು 1995ರಲ್ಲಿ ಇಲ್ಲಿ ಆರಂಭಿಸಿದರು. ನಾಲ್ಕನೇ ತರಗತಿಗೆ ಬಂದೊಡನೆ ಆ ಮಕ್ಕಳನ್ನು ಸಾಲಾಗಿ ಕೂರಿಸಿ ಒಬ್ಬರ ಬೆನ್ನು ಒಬ್ಬರು ನೋಡುವಂತೆ ಮಾಡುವವರು ನಾವೇ.

ಮೊದಲ ಎರಡು ತಿಂಗಳು ಬರೀ ಚಾಡಿ. ಮೂರನೇ ತಿಂಗಳು ನನ್ನ ಸರದಿ ಬಂತು. ರೇಷ್ಮೆ ಹುಳ ನಾಲ್ಕನೇ ಜ್ವರದಿಂದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟು, ಎದ್ದ ಮೇಲೆ ರಾತ್ರಿಯೂ ಸೊಪ್ಪು ಹಾಕಬೇಕು, ಮನೆಮಂದಿಗೆಲ್ಲ ನಿದ್ದೆ ಇರುವುದಿಲ್ಲ. ಆ ದಿನಗಳಲ್ಲಿ ತಡವಾಗಿ ಬಂದವರನ್ನು ನಾನು ಬಾಗಿಲಲ್ಲಿ ನಿಲ್ಲಿಸುತ್ತಿದ್ದೆ. ಆರನೇ ತರಗತಿಯ ಹುಡುಗಿ ಗೂಡನ್ನು ಹಿಡಿದು ನೆಲ ನೋಡುತ್ತ ಹೇಳಿದಳು: ‘ಬಾಗಿಲಲ್ಲಿ ನಿಲ್ಲಿಸಿದರೆ ಗಾಳಿಗೆ ನಮ್ಮ ಬಟ್ಟೆಯ ಹುಳದ ವಾಸನೆ ಎಲ್ಲರಿಗೂ ಹೋಗುತ್ತದೆ ಮಿಸ್. ಆಮೇಲೆ ಯಾರೂ ಪಕ್ಕ ಕೂರಿಸಿಕೊಳ್ಳುವುದಿಲ್ಲ.’ ಮಕ್ಕಳಿಗೆ ದೈಹಿಕ ಶಿಕ್ಷೆಯಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ಕೊಡಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ ಎಂಬುದು ನನಗೆ ಬಾಯಿಪಾಠವಿತ್ತು. ನಾನು ಮಾಡುತ್ತಿದ್ದುದು ಅದನ್ನೇ ಎಂದು ಆ ಕ್ಷಣದವರೆಗೆ ತೋಚಿರಲಿಲ್ಲ. ನನ್ನ ಸರದಿ ಬಂದಾಗ ಕ್ಷಮೆ ಕೇಳಿದೆ. ಹುಳ ಜ್ವರದಿಂದ ಎದ್ದಿದೆ ಎಂದು ಮೊದಲೇ ತಿಳಿಸಿದವರು ಎರಡನೇ ಅವಧಿಗೆ ಬಂದರೂ ನೇರವಾಗಿ ತಮ್ಮ ಜಾಗದಲ್ಲಿ ಕೂರಬಹುದು ಎಂದು ಸಭೆ ತೀರ್ಮಾನಿಸಿತು. ಅದು ನನಗೂ ಕಟ್ಟು. ಮಿಸ್ ಕೂಡ ತೀರ್ಮಾನಕ್ಕೆ ತಲೆಬಾಗುತ್ತಾರೆ ಎಂದು ಕಂಡ ಮೇಲೆಯೇ ಮಕ್ಕಳು ಸಭೆಯನ್ನು ನಂಬಿದ್ದು. ಉಳಿದ ಮೂರರಲ್ಲೂ ನನ್ನನ್ನು ಕಟ್ಟುವಂಥದ್ದು ಇರಲಿಲ್ಲ.

ಊಟದ ಸಾಲಿನ ವಿಷಯ ಮರುವರ್ಷ ಬಂತು. ಹಾಜರಿ ಸಂಖ್ಯೆಯ ಪ್ರಕಾರ ಕೂರೋಣ ಎಂದವನು ಆರನೇ ತರಗತಿಯ ಹುಡುಗ, ಎಲ್ಲರೂ ಹೂಂ ಎಂದರು. ಇಬ್ಬರು ಪೋಷಕರು ಬಂದು ಜಗಳ ಮಾಡಿದರು. ಪೋಷಕರೂ ಇರುವ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಯಲ್ಲಿ ಗಟ್ಟಿಯಾಗಿ ನಿಂತವರು ನಮ್ಮ ಮುಖ್ಯ ಶಿಕ್ಷಕರು. ಈಗ ಸಾಲು ಒಂದೇ.

ದುಂಡು ಸಭೆಗೂ ಅಪಾಯವಿದೆ. ಒಬ್ಬ ಹುಡುಗ ಅಪ್ಪನ ಕುಡಿತ, ಅಮ್ಮನಿಗೆ ಬೀಳುವ ಏಟು ಎಲ್ಲವನ್ನೂ ಹೇಳಿ ಅತ್ತುಬಿಟ್ಟ. ಸೋಮವಾರದ ಹೊತ್ತಿಗೆ ಅದು ಊರ ಮಾತಾಗಿತ್ತು. ಮನೆಯ ನೋವನ್ನು ನನಗೊಬ್ಬಳಿಗೇ ಹೇಳಬಹುದು, ಸಭೆಗೆ ತರಬೇಕಿಲ್ಲ ಎಂಬ ನಿಯಮವನ್ನು ಮೊದಲ ದಿನವೇ ಮಾಡಬೇಕಿತ್ತು. ನೀವು ಮಾಡಿ. ಪಾಠ ಹಿಂದೆ ಬೀಳುತ್ತದೆ ಎಂಬ ಸಹೋದ್ಯೋಗಿಗಳ ಆಕ್ಷೇಪವೂ ಸುಳ್ಳಲ್ಲ, ವಾರಕ್ಕೊಂದು ಅವಧಿ ಹೋಗುತ್ತದೆ. ಜಗಳ ಬಿಡಿಸಲು ದಿನವೂ ಕಳೆಯುತ್ತಿದ್ದ ಹೊತ್ತು ಉಳಿದಿದೆ ಎಂಬುದು ನನ್ನ ಲೆಕ್ಕ.

ಹೊಸದಾಗಿ ಆರಂಭಿಸುವವರು ಸಂಸತ್ತಿಗೆ ನಿಜವಾದ ಒಂದು ತೀರ್ಮಾನವನ್ನು ಬಿಟ್ಟುಕೊಟ್ಟು ನೋಡಿ. ವಾರಕ್ಕೆ ಒಂದೇ ಅವಧಿ ಕೈಯಲ್ಲಿದ್ದರೆ ಅದನ್ನು ದುಂಡು ಸಭೆಗೆ ಕೊಡಿ. ನ್ಯಾಯಾಲಯಕ್ಕೆ ಕ್ಷಮೆಯ ಕಲಮುಗಳಿಲ್ಲದೆ ಕೈ ಹಾಕಬೇಡಿ.

ಊಟದ ಸಾಲು ಒಂದಾದ ಮೇಲೆ ನಾಲ್ಕೈದು ಮಕ್ಕಳು ಮನೆಯಿಂದ ಡಬ್ಬಿ ತಂದು ಕೋಣೆಯೊಳಗೆ ಕೂತು ಉಣ್ಣುತ್ತಿದ್ದಾರೆ. ಈ ವಾರದ ಚೀಟಿ ಡಬ್ಬಿಯಲ್ಲಿ ಪೆನ್ಸಿಲಿನಲ್ಲಿ ಬರೆದ ಒಂದು ಚೀಟಿ ಇದೆ: ‘ಡಬ್ಬಿ ತರುವವರೂ ನಮ್ಮ ಜೊತೆ ವರಾಂಡದಲ್ಲಿ ಕೂರಲಿ.’ ಬರೆದವರು ಹೆಸರು ಹಾಕಿಲ್ಲ. ಶುಕ್ರವಾರ ಅದನ್ನೇ ಮೊದಲು ತೆಗೆದುಕೊಳ್ಳುತ್ತೇವೆ.